ಚುನಾವಣೆಗೆ ಮುನ್ನ ಒಂದು ತಿದ್ದುಪಡಿ

ಮಗನೇ ಆನ್ಸೆಲ್ಮೊ,

ನಿನ್ನ ಶವಪೆಟ್ಟಿಗೆಯ ಪಕ್ಕದಲ್ಲಿ ನಿಂತು, ಈ ಇಗರ್ಜಿಯಲ್ಲಿ ನೆರೆದ ಎಲ್ಲರಿಗೂ ಕೇಳುವಂತೆ ಈ ಪತ್ರವನ್ನು ಓದುತ್ತಿದ್ದೇನೆ. ಬಂದವರಿಗೆ ಮೊದಲು ಧನ್ಯವಾದ. ಸಾವಿನ ಮನೆಯವರು ಆ ಮಾತಾಡಬಾರದೆಂದು ನಿನ್ನ ಪುರಿಂಗ್ ಅತ್ತೆ ಐದು ದಿನದಿಂದ ನನ್ನ ಬಾಯಿ ಕಾಯುತ್ತಿದ್ದಾಳೆ. “ಅಣ್ಣಾ, ಥ್ಯಾಂಕ್ಸ್ ಅಂದ್ರೆ ಇನ್ನೊಂದ್ ಹೆಣಕ್ಕೆ ಕರೆ ಕೊಟ್ಟಂಗೆ. ಸುಮ್ನೆ ಕಾಫಿ ಕೊಡು!” ನಾನು ಹೇಳಿದ್ದಾಯಿತು. ಅನುಕಂಪವನ್ನು ಮಾತ್ರ ದಯವಿಟ್ಟು ಬಂದವರೇ ಹಿಂದಕ್ಕೆ ಒಯ್ಯಲಿ. ಮೇಯರ್ ಕಳಿಸಿದ ಹೂಚಕ್ರದ ರಿಬ್ಬನ್ನಿನಲ್ಲಿ ಅವರ ಹೆಸರು ನಿನ್ನ ಹೆಸರಿಗಿಂತ ಮೂರು ಪಟ್ಟು ದೊಡ್ಡದು. ನಿನ್ನ ಅಭಿಮಾನಿಗಳದು ಇನ್ನೊಂದು ಅತಿರೇಕ. ನಿನ್ನನ್ನು ಹುತಾತ್ಮ ಎನ್ನುತ್ತಾರೆ. ನಿನ್ನನ್ನು ಯಾರೂ ಕೊಲ್ಲಲಿಲ್ಲ. ಕಾಲಿನ ಗಾಯಕ್ಕೆ ಪಟ್ಟಿಯನ್ನೂ ಕಟ್ಟದೆ ನೆರೆಯ ನೀರಿಗೆ ಇಳಿದೆ, ಇಲಿಜ್ವರ ತಂದುಕೊಂಡೆ, ಆಸ್ಪತ್ರೆಗೆ ಹೋಗೆಂದರೆ “ಈ ಲೇಖನ ಮುಗೀಲಿ ಅಪ್ಪಾ” ಎಂದೆ. ಇದರಲ್ಲಿ ಹುತಾತ್ಮತೆ ಎಲ್ಲಿದೆ? ಇದು ಹಟ.

ಹನ್ನೊಂದು ವರ್ಷ ನಾನು ಈ ಹಟವನ್ನು ಸಹಿಸಿದೆ. ಪತ್ರಿಕೆಯ ಸಂಪಾದಕರು ನಿನ್ನ ವರದಿಯ ಕೊನೆಯ ಪ್ಯಾರಾ ಕತ್ತರಿಸಿದರೆಂದು ನೀನು ನೌಕರಿ ಬಿಟ್ಟೆ. ಅಡುಗೆಮನೆಯ ಮೇಜನ್ನೇ ಕಚೇರಿ ಮಾಡಿಕೊಂಡು ಬ್ಲಾಗ್ ತೆರೆದೆ. ಪುರಸಭೆಯ ಪ್ರತಿ ಸಭೆಗೂ ಹೋಗಿ, ಸದಸ್ಯರೇ ನಿದ್ದೆಹೋದಾಗಲೂ ನೀನೊಬ್ಬನೇ ಎಚ್ಚರವಿದ್ದು ಬರೆದುಕೊಂಡೆ. ಮೀನು ಮಾರುವವರು ಕಾಗದಪತ್ರಗಳನ್ನು ಬಾಳೆಲೆಯಲ್ಲಿ ಸುತ್ತಿ ನಿನಗೆ ತಲುಪಿಸುತ್ತಿದ್ದರು. ಮೂರು ಮಾನನಷ್ಟ ಮೊಕದ್ದಮೆಗಳಲ್ಲಿ ನಿನ್ನ ಜೊತೆ ನ್ಯಾಯಾಲಯದ ಬೆಂಚಿನ ಮೇಲೆ ಕುಳಿತವನು ನಾನು. ಮೂರರಲ್ಲೂ ನೀನು ಹೇಳಿದ್ದು ನಿಜವಾಗಿತ್ತು. ಆದ್ದರಿಂದಲೇ ಈಗ ನಿನ್ನ ಮೇಲೆ ನನಗೆ ಇಷ್ಟು ಕೋಪ.

ಪ್ರವಾಹ ತಡೆಯುವ ಗೇಟಿನ ಕಥೆ ಇಲ್ಲಿರುವ ಎಲ್ಲರಿಗೂ ಗೊತ್ತು. ಗೇಟು ಕೂರಿಸದೆಯೇ ಕೆಲಸ ಮುಗಿಯಿತೆಂದು ಇಂಜಿನಿಯರ್ ರುಸ್ತಿಕೊ ಗಲೆಗೊ ಸಹಿ ಹಾಕಿದರೆಂದು ನೀನು ಬರೆದೆ. ಅಂದಿನಿಂದ ಅವರು ಸಂತೆಗೆ ಹೋದರೆ “ಏನ್ ಸಾರ್, ಗೇಟು ಅರಗಿತಾ?” ಎಂಬ ಪ್ರಶ್ನೆ. ಮೊನ್ನೆ ಅವರು ಬಿಸ್ಕತ್ತಿನ ಪೊಟ್ಟಣ ಹಿಡಿದು ನಮ್ಮ ಮನೆಯ ಹೊರಗೆ ನಿಂತರು. “ಒಳಗೆ ಬರ್ಬಹುದಾ ಸಾರ್?” ಎಂದರು. ಶವದ ಜಾಗರಣೆಗೆ ಬಂದು ಅಂಗಳದಲ್ಲಿ ಇಸ್ಪೀಟು ಆಡುತ್ತಿದ್ದವರಲ್ಲೊಬ್ಬ, “ಬಾಗ್ಲು ಜೋಪಾನ, ಅದನ್ನೂ ನುಂಗ್ಯಾರು” ಎಂದ. ಎಲ್ಲರೂ ನಕ್ಕರು. ನಾನೂ ಅವರನ್ನು ಒಳಗೆ ಕರೆಯಲಿಲ್ಲ. ಬಿಸ್ಕತ್ತನ್ನು ಗೋಡೆಯ ಮೇಲಿಟ್ಟು ಅವರು ಹೊರಟುಹೋದರು.

ಮರುದಿನ ಪೆಟ್ಟಿಗೆಯ ಮೇಲಿಡಲು ನಿನ್ನ ಭಾವಚಿತ್ರ ಹುಡುಕುತ್ತ ನಿನ್ನ ಕಂಪ್ಯೂಟರ್ ತೆರೆದೆ. ಪ್ರಕಟಿಸದೆ ಇಟ್ಟ ಐದು ಸಾಲು ಅಲ್ಲಿದ್ದವು: “ಆ ಸಹಿ ರುಸ್ತಿಕೊ ಗಲೆಗೊ ಅವರದಲ್ಲ. ಆ ವಾರ ಅವರು ಆಸ್ಪತ್ರೆಯಲ್ಲಿದ್ದರು. ಅವರ ಸಹಿಯನ್ನು ಬೇರೆ ಯಾರೋ ಹಾಕಿದ್ದಾರೆ. ನಾನು ಪರಿಶೀಲಿಸದೆ ಬರೆದೆ. ಅವರ ಕ್ಷಮೆ ಕೇಳುತ್ತೇನೆ.” ಅದರ ನೆತ್ತಿಯ ಮೇಲೆ ನಿನ್ನದೇ ಟಿಪ್ಪಣಿ: ‘ಚುನಾವಣೆ ಮುಗಿದ ಮೇಲೆ.’

ಆನ್ಸೆಲ್ಮೊ, ಇಲೊಯಿಲೊದ ಕಾಲೇಜು ಚರ್ಚಾಸ್ಪರ್ಧೆಯ ಅಂತಿಮ ಸುತ್ತಿನಲ್ಲಿ, ನಾನು ಕೊಟ್ಟ ಅಂಕಿ ತಪ್ಪೆಂದು ಹೊಳೆದ ಕ್ಷಣದಲ್ಲೇ ಅದನ್ನು ಹಿಂತೆಗೆದುಕೊಂಡು ಸೋತವನು ನಾನು. “ಸೋತಿದ್ದನ್ನ ಇಷ್ಟು ಜಂಬದಿಂದ ಹೇಳೋನು ನೀನೊಬ್ನೇ ಕಣಪ್ಪಾ” ಎಂದು ನೀನು ನಗುತ್ತಿದ್ದೆ. ನಗುತ್ತಿದ್ದೆಯೇ ಹೊರತು ಕೇಳಿಸಿಕೊಂಡಿರಲಿಲ್ಲ.

ನಿನ್ನ ಗೆಳತಿ ಲಾಗ್ರಿಂಗ್‌ಗೆ ಆ ಸಾಲುಗಳನ್ನು ತೋರಿಸಿದೆ. ಅವಳು ನನ್ನ ಕೈ ಹಿಡಿದುಕೊಂಡಳು. “ಅಂಕಲ್, ಚುನಾವಣೆಗೆ ಇನ್ನು ಹತ್ತೊಂಬತ್ತೇ ದಿನ. ಈಗ ಹಾಕಿದ್ರೆ ಮೇಯರ್ ಕಡೆಯವರು ಜೀಪಿನ ಮೇಲೆ ಮೈಕ್ ಕಟ್ಟಿ ಇದನ್ನೇ ಊರೆಲ್ಲಾ ಓದ್ತಾರೆ. ಅವನು ಬರೆದಿದ್ದೆಲ್ಲಾ ಸುಳ್ಳು ಅಂತಾರೆ. ಅವನೇ ಆಮೇಲೆ ಅಂದಿದ್ದಾನಲ್ಲಾ!” ಅವಳ ವಾದದಲ್ಲಿ ಒಂದು ಅಂಶವೂ ತಪ್ಪಿಲ್ಲ. ಜೀಪು ಬರುತ್ತದೆ, ಮೈಕು ಕೂಗುತ್ತದೆ, ಬಹುಶಃ ಮೇಯರೇ ಗೆಲ್ಲುತ್ತಾರೆ. ಆದರೆ ಹತ್ತೊಂಬತ್ತು ದಿನ ಸಂತೆಗೆ ಹೋಗಬೇಕಾದವರು ಅವಳೂ ಅಲ್ಲ, ನೀನೂ ಅಲ್ಲ. ಒಬ್ಬನ ಮಾನವನ್ನು ಅನುಕೂಲದ ದಿನಕ್ಕೆ ಕಾಯಿಸುವವರನ್ನು ಕುರಿತೇ ಅಲ್ಲವೇ ನೀನು ಹನ್ನೊಂದು ವರ್ಷ ಬರೆದದ್ದು?

ಆದ್ದರಿಂದ ಬೇರೆ ಯಾರನ್ನೂ ಕೇಳದೆ ನಿರ್ಧರಿಸಿದೆ. ಈ ಬೆಳಿಗ್ಗೆ, ಇಗರ್ಜಿಗೆ ಹೊರಡುವ ಮುನ್ನ, ನಿನ್ನ ಐದು ಸಾಲುಗಳನ್ನು ನಿನ್ನ ಬ್ಲಾಗಿನಲ್ಲಿ ಪ್ರಕಟಿಸಿದ್ದೇನೆ. ಒಂದಕ್ಷರವನ್ನೂ ತಿದ್ದಿಲ್ಲ. ನೆತ್ತಿಯ ಮೇಲಿದ್ದ ಟಿಪ್ಪಣಿಯನ್ನೂ ಅಳಿಸಿಲ್ಲ. ಅದೂ ನೀನೇ ಬರೆದದ್ದು.

ದೇವರು ನಿನ್ನನ್ನು ನನಗಿಂತ ಮೃದುವಾಗಿ ಪ್ರಶ್ನಿಸಲಿ.

ನಿನ್ನ ತಂದೆ,
ಎಲ್ಪಿದಿಯೊ