ಹರ್ನಿಯಾ ಎಂದು ಹೇಳಿದ್ದ ಆಪರೇಷನ್

ಭಾನುವಾರ, ಮಾರ್ಚ್ ೧೪

ಪ್ರೀತಿಯ ಗುಬ್ಬಿ,

ನಿನ್ನ ಪತ್ರ ಗುರುವಾರ ಕೈಸೇರಿತು. ವಾರಕ್ಕೆರಡು ಸಲ ಫೋನ್ ಮಾಡುವವಳು ಐದು ಪುಟ ಬರೆದು ಅಂಚೆಗೆ ಹಾಕಿದ್ದೀಯ ಎಂದರೆ, ಬಾಯಿಬಿಟ್ಟು ಹೇಳಲಾಗದ ವಿಷಯವೇ ಇರಬೇಕು ಎಂದು ಒಡೆಯುವ ಮೊದಲೇ ಅಂದುಕೊಂಡೆ. ಹಾಗೇ ಇತ್ತು.

ನೀನು ಬರೆದದ್ದನ್ನು ನಾನು ಸರಿಯಾಗಿ ತಿಳಿದುಕೊಂಡಿದ್ದೇನೆಯೇ ನೋಡು. ಪಾಪುವಿಗೆ ಹಾಲು ಬಿಡಿಸಿ ಎರಡು ತಿಂಗಳಾಯಿತು. ಬಸಿರಿನಲ್ಲಿ ಏರಿದ್ದ ತೂಕ ಇಳಿಯಿತು, ಎದೆ ಮಾತ್ರ ಜೋತುಬಿದ್ದಿದೆ. ಜೂನ್‌ನಲ್ಲಿ ಈಜುಕೊಳದ ಕೆಲಸಕ್ಕೆ ವಾಪಸು ಹೋಗಬೇಕು, ದಿನಕ್ಕೆ ಆರು ಗಂಟೆ ಈಜುಡುಗೆಯಲ್ಲಿ ನಿಂತು ಮಕ್ಕಳಿಗೆ ಕಲಿಸಬೇಕು. ಅಷ್ಟರೊಳಗೆ ಎದೆ ಎತ್ತಿಸುವ ಆಪರೇಷನ್ ಮಾಡಿಸಿಕೊಳ್ಳುವ ಯೋಚನೆ. ನಿನ್ನ ಗಂಡ ‘ನಿನ್ನಿಷ್ಟ’ ಎಂದಿದ್ದಾನೆ. ನನ್ನ ಮಾತು ಏನು ಎಂದು ಕೇಳಿದ್ದೀಯ. ಕೇಳಿದ ಮೇಲೆ, ‘ನಿನಗೆ ಇದೆಲ್ಲ ವಿಚಿತ್ರ ಅನ್ನಿಸಬಹುದಮ್ಮ, ನೀನು ಇಂಥದ್ದನ್ನ ಯೋಚನೆ ಮಾಡಿದವಳೇ ಅಲ್ಲ’ ಎಂದೂ ಸೇರಿಸಿದ್ದೀಯ.

ಯೋಚನೆ ಮಾಡಿದವಳಷ್ಟೇ ಅಲ್ಲ, ಗುಬ್ಬಿ, ಮಾಡಿಸಿಕೊಂಡವಳು. ಏಳು ವರ್ಷವಾಯಿತು.

ಈ ಸಾಲು ಬರೆದು, ಎದ್ದು ಹೋಗಿ, ಒಲೆಯ ಮೇಲಿದ್ದ ಹಾಲು ಇಳಿಸಿ ಬಂದೆ. ಉಕ್ಕುವುದಕ್ಕೆ ಇನ್ನೂ ಹೊತ್ತಿತ್ತು. ಆದರೂ ಎದ್ದೆ.

ಆಗ ನನಗೆ ನಲವತ್ತೈದು. ನೀನು ಹಾಸ್ಟೆಲ್‌ನಲ್ಲಿದ್ದೆ, ಎರಡನೇ ವರ್ಷ. ಬೇಕರಿಯಲ್ಲಿ ಹರ್ನಿಯಾ ಆಪರೇಷನ್ ಎಂದು ಹೇಳಿ ರಜೆ ಹಾಕಿದೆ. ನಿನಗೂ ನಿನ್ನ ಸೋದರತ್ತೆಗೂ ಅಷ್ಟನ್ನೂ ಹೇಳಲಿಲ್ಲ. ನಿಜ ಗೊತ್ತಿದ್ದದ್ದು ನಿನ್ನ ಅಪ್ಪನಿಗೆ ಮಾತ್ರ. ಊರಿನವರ ಬೀಗಗಳನ್ನೆಲ್ಲ ತೆಗೆದುಕೊಟ್ಟು ಹೊಟ್ಟೆ ಹೊರೆಯುವ ಮನುಷ್ಯ, ತಮ್ಮ ಬಾಯಿಗೆ ಹಾಕಿಕೊಂಡ ಬೀಗವನ್ನು ಇವತ್ತಿನವರೆಗೂ ತೆಗೆದಿಲ್ಲ.

ಶುರುವಾದದ್ದು ಒಂದು ಬಟ್ಟೆ ಅಂಗಡಿಯಲ್ಲಿ. ಹಾಕಿ ನೋಡುವ ಕೋಣೆಯಲ್ಲಿ ಮೂರು ಕಡೆ ಕನ್ನಡಿ. ನಾವು ನಮ್ಮನ್ನು ಎದುರಿನಿಂದ ಮಾತ್ರ ನೋಡಿಕೊಂಡಿರುತ್ತೇವೆ, ಅದೂ ಉಸಿರು ಬಿಗಿಹಿಡಿದು. ಅವತ್ತು ಪಕ್ಕದಿಂದ ನೋಡಿಕೊಂಡೆ. ಅಂಗಿಯ ಎರಡನೇ ಗುಂಡಿಯ ಹತ್ತಿರ ಇರಬೇಕಾದದ್ದು ನಾಲ್ಕನೆಯದರ ಹತ್ತಿರ ಇತ್ತು. ಅಂಗಿಯನ್ನು ಮಡಿಸಿ ವಾಪಸು ಕೊಟ್ಟು ಬಂದೆ. ಯಾರೂ ಏನೂ ಅಂದಿರಲಿಲ್ಲ. ನಿನ್ನ ಅಪ್ಪ ಅಂತೂ ಅನ್ನುವವರೇ ಅಲ್ಲ. ನಾನು ತಲೆ ಬೋಳಿಸಿಕೊಂಡು ಬಂದರೂ ಮೂರನೇ ದಿನ ‘ಏನೋ ಬದಲಾದ ಹಾಗಿದೆಯಲ್ಲ’ ಎನ್ನುವವರು. ಆದರೆ ಆಮೇಲೆ ನಾನು ಬೆನ್ನು ಬಾಗಿಸಿ ನಡೆಯತೊಡಗಿದೆ. ಬೇಕರಿಯಲ್ಲಿ ಮೇಲಂಗಿಯ ಲಾಡಿಯನ್ನು ಒಂದು ಸುತ್ತು ಹೆಚ್ಚಿಗೆ ಬಿಗಿಯುತ್ತಿದ್ದೆ. ಒಂದು ವರ್ಷ ಹೀಗೇ ನಡೆಯಿತು.

ಮೊದಲು ಹೋದ ಕ್ಲಿನಿಕ್ಕಿನ ನೆಲದಲ್ಲಿ ಮುಖ ಕಾಣುತ್ತಿತ್ತು. ಡಾಕ್ಟರು ಸಿಗಲಿಲ್ಲ, ಡಾಕ್ಟರ ಹಾಗೆ ಬಿಳಿ ಕೋಟು ಹಾಕಿಕೊಂಡ ಒಬ್ಬ ಹುಡುಗಿ ಆಲ್ಬಮ್ ತೋರಿಸಿದಳು. ‘ಮೊದಲು’ ಎಂಬ ಫೋಟೋಗಳೆಲ್ಲ ಮಬ್ಬು ಬೆಳಕಿನಲ್ಲಿ, ‘ಆಮೇಲೆ’ ಎಂಬುವು ಝಗಝಗ ದೀಪದಲ್ಲಿ. ಇದು ನನಗೆ ಹೊಸದಲ್ಲ. ನಮ್ಮ ಗಾಜಿನ ಕಪಾಟಿಗೆ ಹಳದಿ ದೀಪ ಹಾಕಿದರೆ ನಿನ್ನೆಯ ಬ್ರೆಡ್ಡೂ ಇವತ್ತಿನದರ ಹಾಗೇ ಕಾಣುತ್ತದೆ. ಆಪರೇಷನ್ ಮಾಡುವವರನ್ನು ಯಾವಾಗ ನೋಡಬಹುದು ಎಂದು ಕೇಳಿದೆ. ‘ಅವತ್ತೇ ಬರ್ತಾರೆ ಮೇಡಂ’ ಎಂದಳು. ಏನಾದರೂ ಕೆಟ್ಟರೆ? ‘ಅಯ್ಯೋ, ನಮ್ಮಲ್ಲಿ ಅಂಥದ್ದೆಲ್ಲ ಆಗೋದೇ ಇಲ್ಲ.’ ಇಪ್ಪತ್ತು ವರ್ಷ ಒಲೆಯ ಮುಂದೆ ನಿಂತವಳು ನಾನು. ಒಂದು ದಿನವೂ ಬ್ರೆಡ್ಡು ಸೀದಿಲ್ಲ ಎನ್ನುವವರನ್ನು ನಂಬುವುದಿಲ್ಲ. ಚಪ್ಪಲಿ ಮೆಟ್ಟಿಕೊಂಡು ಹೊರಗೆ ಬಂದೆ.

ಎರಡನೆಯವರು ದೊಡ್ಡಾಸ್ಪತ್ರೆಯ ಮೂರನೇ ಮಹಡಿಯಲ್ಲಿದ್ದರು. ಅರವತ್ತರ ಹತ್ತಿರದ ಹೆಂಗಸು, ಪ್ಲಾಸ್ಟಿಕ್ ಸರ್ಜನ್, ಮೇಜಿನ ಮೇಲೆ ಅರ್ಧ ಕುಡಿದಿಟ್ಟ ಚಹಾ. ಇಂಥ ಆಪರೇಷನ್ ಎಷ್ಟು ಮಾಡಿದ್ದೀರಿ ಎಂದು ನಾನು ಕೇಳಿದ್ದಕ್ಕೆ ಅವರಿಗೆ ಬೇಜಾರಾಗಲಿಲ್ಲ, ಹೇಳಿದರು. ಯಾಕೆ ಮಾಡಿಸ್ಕೋಬೇಕು ಎಂದು ಅವರು ಕೇಳಿದಾಗ ನಾನು ಬೆನ್ನುನೋವು ಎಂದೆ.

ಅವರು ಪೆನ್ನು ಕೆಳಗಿಟ್ಟರು. ‘ನೋಡಮ್ಮ, ಭಾರ ಇದ್ದು ಬೆನ್ನು ನೋಯ್ತಿದ್ರೆ ಭಾರ ಕಡಿಮೆ ಮಾಡೋ ಆಪರೇಷನ್ನೇ ಬೇರೆ. ಇದು ಬರೀ ಎತ್ತಿ ಕೂರಿಸೋದು. ಬೆನ್ನುನೋವು ಅಂತ ಮಾಡಿಸ್ಕೊಂಡು, ಆಮೇಲೆ ನೋವು ಹೋಗ್ಲಿಲ್ಲ ಅಂತ ನನ್ನ ಬೈತೀರ. ನಿಜ ಹೇಳಿ.’

ನಾನು ಕನ್ನಡಿಯ ಕಥೆ ಹೇಳಿದೆ. ಅವರು ನಗಲಿಲ್ಲ. ‘ಈ ಕಾರಣ ಸಾಕು. ಕಾಯಿಲೆಗೆ ಮಾತ್ರ ಡಾಕ್ಟರ ಹತ್ತಿರ ಬರ್ಬೇಕು ಅಂತೇನಿಲ್ಲ’ ಎಂದರು. ಆಮೇಲೆ ಒಂದು ಹಾಳೆಯಲ್ಲಿ ಚಿತ್ರ ಬರೆದು ವಿವರಿಸಿದರು. ಆ ಹಾಳೆ ನನ್ನ ಹತ್ತಿರ ಇನ್ನೂ ಇದೆ, ಹೊಲಿಗೆ ಡಬ್ಬಿಯ ತಳದಲ್ಲಿ. ಅದನ್ನು ನೋಡಿಕೊಂಡೇ ನಿನಗೆ ಬರೆಯುತ್ತಿದ್ದೇನೆ.

ಇದರಲ್ಲಿ ಮಾಡುವುದು ಹೆಚ್ಚಾದ ಚರ್ಮ ತೆಗೆದು, ಉಳಿದದ್ದನ್ನು ಎತ್ತಿ, ಮೊಲೆತೊಟ್ಟನ್ನು ಮೇಲಕ್ಕೆ ತಂದು ಹೊಲಿಯುವುದು. ದೊಡ್ಡದಾಗುವುದಿಲ್ಲ, ಕೆಲವರಿಗೆ ಸ್ವಲ್ಪ ಚಿಕ್ಕದೇ ಆದಂತೆ ಕಾಣುತ್ತದೆ. ಮೇಲ್ಭಾಗ ತುಂಬಿಕೊಂಡಿರಬೇಕು ಎಂದರೆ ಒಳಗೆ ಏನಾದರೂ ಇಡಬೇಕಾಗುತ್ತದೆ, ಅದು ಇನ್ನೊಂದೇ ಲೆಕ್ಕ. ನನಗೆ ಹೊಲಿಗೆ ಬಿದ್ದದ್ದು ತೊಟ್ಟಿನ ಸುತ್ತ, ಅಲ್ಲಿಂದ ನೇರ ಕೆಳಕ್ಕೆ, ಮತ್ತೆ ಬುಡದ ಮಡಿಕೆಯ ಉದ್ದಕ್ಕೆ. ಸ್ವಲ್ಪವೇ ಇಳಿದಿದ್ದರೆ ಇಷ್ಟು ಬೇಕಾಗುವುದಿಲ್ಲವಂತೆ. ಗುರುತು ಒಂದು ವರ್ಷ ಕೆಂಪಗಿದ್ದು ಆಮೇಲೆ ಮಾಸುತ್ತದೆ, ಅಳಿಸಿಹೋಗುವುದಿಲ್ಲ. ‘ಆಕಾರ ಬೇಕು ಅಂದ್ರೆ ಗುರುತು ತಗೋಬೇಕು. ಎರಡರಲ್ಲಿ ಯಾವುದರ ಜೊತೆ ಬದುಕೋದು ಸುಲಭ ಅಂತ ನೀವೇ ನೋಡ್ಕೊಳ್ಳಿ’ ಎಂದರು. ತೊಟ್ಟಿನ ಸ್ಪರ್ಶ ಹೋಗಬಹುದು, ಬರಬಹುದು, ಬರದೆಯೂ ಇರಬಹುದು. ಮುಂದೆ ಮಗುವಾದರೆ ಹಾಲೂಡಿಸಲು ಕೆಲವರಿಗೆ ಆಗುತ್ತದೆ, ಕೆಲವರಿಗೆ ಆಗುವುದಿಲ್ಲ, ಮೊದಲೇ ಮಾತು ಕೊಡಲು ಯಾರಿಂದಲೂ ಸಾಧ್ಯವಿಲ್ಲ. ವಯಸ್ಸೂ ತೂಕವೂ ತಮ್ಮ ಕೆಲಸ ತಾವು ಮಾಡುತ್ತಲೇ ಇರುತ್ತವೆ. ಎತ್ತಿದ್ದು ಮತ್ತೆ ನಿಧಾನಕ್ಕೆ ಇಳಿಯುತ್ತದೆ.

ಇಷ್ಟು ಹೇಳಿ, ಮ್ಯಾಮೋಗ್ರಾಮ್ ಮಾಡಿಸಿಕೊಂಡು ಎರಡು ತಿಂಗಳು ಬಿಟ್ಟು ಬನ್ನಿ, ಆಗಲೂ ಮನಸ್ಸಿದ್ದರೆ ನೋಡೋಣ ಎಂದರು. ನುಂಗುವ ಮಾತ್ರೆಗಳ ಪಟ್ಟಿ ಕೇಳಿದರು, ತಲೆನೋವಿನದೂ ಬಿಡದೆ. ಕೆಲವು ರಕ್ತ ಹೆಪ್ಪುಗಟ್ಟಲು ಬಿಡುವುದಿಲ್ಲವಂತೆ. ಸಿಗರೇಟು ಸೇದುತ್ತೀರಾ ಎಂದೂ ಕೇಳಿದರು. ನಾನು ನಕ್ಕುಬಿಟ್ಟೆ. ‘ನಗಬೇಡಿ, ಸೇದುವವರ ಗಾಯ ಬೇಗ ಮಾಯೋದಿಲ್ಲ’ ಎಂದು ಗದರಿದರು. ನೀನು ಬಸಿರಾಗುವ ಮುಂಚೆ ಗೆಳತಿಯರ ಜೊತೆ ಸೇದುತ್ತಿದ್ದದ್ದು ನನಗೆ ಗೊತ್ತು. ಈಗ ಮತ್ತೆ ಶುರುಮಾಡಿದ್ದರೆ ಡಾಕ್ಟರ ಹತ್ತಿರ ಮುಚ್ಚಿಡಬೇಡ.

ಎರಡು ತಿಂಗಳಾದ ಮೇಲೂ ಮನಸ್ಸಿತ್ತು.

ಆಪರೇಷನ್ ಬೆಳಿಗ್ಗೆ. ನಿಲ್ಲಿಸಿಯೇ ಮೈಮೇಲೆ ನೀಲಿ ಪೆನ್ನಿನಲ್ಲಿ ಗೆರೆ ಎಳೆದರು, ಮಲಗಿದರೆ ಎಲ್ಲ ಬೇರೆ ಕಡೆ ಹರಿದುಹೋಗುತ್ತದಲ್ಲ. ನಿನ್ನ ಅಪ್ಪ ಹೊರಗೆ ಬೆಂಚಿನಲ್ಲಿ ಕೂತಿದ್ದರು. ಎಚ್ಚರವಾದಾಗ ನೋವಿಗಿಂತ ಬಿಗಿತ ಹೆಚ್ಚಿತ್ತು, ಯಾರೋ ಎದೆಯ ಮೇಲೆ ಮಣೆ ಕಟ್ಟಿದ ಹಾಗೆ. ಮರುದಿನ ಮನೆಗೆ ಕಳಿಸಿದರು. ಹಗಲೂ ರಾತ್ರಿ ಒತ್ತುಕೊಡುವ ಬ್ರಾ, ಅಂಗಾತ ಮಲಗುವುದು, ಕೈ ಭುಜಕ್ಕಿಂತ ಮೇಲೆ ಎತ್ತದಿರುವುದು. ತಲೆ ಬಾಚಿಕೊಳ್ಳಲು ಆಗುತ್ತಿರಲಿಲ್ಲ. ನಿನ್ನ ಅಪ್ಪ ಜಡೆ ಹೆಣೆಯಲು ಕಲಿತರು. ಮೊದಲ ದಿನ ಕನ್ನಡಕ ಹಾಕಿಕೊಂಡು, ಕೆಟ್ಟ ಬೀಗದೊಳಗೆ ಇಣುಕುವ ಹಾಗೆ ನನ್ನ ತಲೆಯನ್ನು ಐದು ನಿಮಿಷ ಪರೀಕ್ಷೆ ಮಾಡಿದರು. ‘ಮೂರು ಎಳೆ ಅಲ್ವಾ? ನಾಲ್ಕು ಬಂದಿದೆ ನಂಗೆ’ ಎಂದರು. ನಗು ತಡೆಯಲಾಗಲಿಲ್ಲ, ನಕ್ಕರೆ ಹೊಲಿಗೆ ಎಳೆಯುತ್ತಿತ್ತು. ‘ಆ ಕಡೆ ಹೋಗಿ, ಸಾಯಿಸ್ತೀರ ನನ್ನ’ ಎಂದು ಬೈದೆ.

ಇಲ್ಲಿಯವರೆಗೆ ಎಲ್ಲ ಸರಿಯಾಗಿತ್ತು. ಮುಂದಿನದು ನನ್ನದೇ ತಪ್ಪು.

ಆರು ವಾರ ಭಾರ ಎತ್ತಬಾರದು ಎಂದಿದ್ದರು. ಹತ್ತೊಂಬತ್ತನೇ ದಿನ ಬೇಕರಿಯ ಮಾಲೀಕ ಫೋನ್ ಮಾಡಿದ. ಹಿಟ್ಟು ನಾದುವವನು ಕೈಕೊಟ್ಟಿದ್ದಾನೆ, ಬಂದು ಸುಮ್ಮನೆ ನಿಂತು ಹೇಳಿಕೊಟ್ಟರೆ ಸಾಕು ಎಂದ. ಹೋದೆ. ಸುಮ್ಮನೆ ನಿಲ್ಲುವುದು ನನ್ನ ಜಾಯಮಾನದಲ್ಲಿ ಇಲ್ಲ ಎಂದು ನಿನಗೆ ಗೊತ್ತು. ಹತ್ತು ಗಂಟೆಗೆ ಬ್ರೆಡ್ಡಿನ ಟ್ರೇ ಒಂದನ್ನು ಮೇಲಿನ ಹಲಗೆಗೆ ಎತ್ತಿಟ್ಟೆ. ಎಡಗಡೆ, ಕೆಳಗೆ, ಹೊಲಿಗೆಗಳು ಕೂಡುವ ಕಡೆ ಏನೋ ಬಿಟ್ಟುಕೊಂಡ ಹಾಗಾಯಿತು. ಹೆಚ್ಚು ನೋವೂ ಇರಲಿಲ್ಲ.

ನನ್ನ ಜೊತೆ ಒಲೆ ನೋಡಿಕೊಳ್ಳುವ ಉದ್ದಕ್ಕನನ್ನು ನೀನು ನೋಡಿದ್ದೀಯ, ತಲೆ ತಗ್ಗಿಸದೆ ಬಾಗಿಲು ದಾಟಲಾಗದವಳು. ಅವಳು ನನ್ನ ಮೇಲಂಗಿ ನೋಡಿ, ‘ಅದೇನೇ ಕೆಂಪಗೆ?’ ಎಂದಳು. ಜಾಮ್ ಎಂದೆ. ಅವತ್ತು ನಾವು ಜಾಮ್ ಬನ್ನು ಮಾಡಿರಲೇ ಇಲ್ಲ. ಅವಳು ನನ್ನ ಮುಖ ನೋಡಿ, ‘ಹರ್ನಿಯಾ ಬಹಳ ಮೇಲೆ ಆಗಿದೆ ನಿಂಗೆ’ ಎಂದು ಟ್ರೇಗಳನ್ನೆಲ್ಲ ತಾನೇ ಎತ್ತಿಟ್ಟಳು. ಇವತ್ತಿನವರೆಗೂ ಅದರ ಮಾತೆತ್ತಿಲ್ಲ.

ನಾನು ಎರಡು ದಿನ ಹತ್ತಿ ಇಟ್ಟು ಮುಚ್ಚಿಕೊಂಡಿದ್ದೆ. ಮೂರನೇ ದಿನ ಜ್ವರ ಬಂತು. ನಿನ್ನ ಅಪ್ಪ ಆಸ್ಪತ್ರೆಗೆ ಕರೆದುಕೊಂಡು ಹೋದರು. ಡಾಕ್ಟರು ಬೈಯಲಿಲ್ಲ, ಬೈದಿದ್ದರೆ ಹಗುರಾಗುತ್ತಿತ್ತು. ‘ಕೆಲಸಕ್ಕೆ ಹೋಗಿದ್ರಾ?’ ಎಂದಷ್ಟೇ ಕೇಳಿ ಕೈಗವಸು ಹಾಕಿಕೊಂಡರು. ಗಾಯ ಒಳಗಿನಿಂದ ತುಂಬಿಕೊಂಡು ಬರಲು ಐದು ವಾರ ಹಿಡಿಯಿತು, ದಿನಾ ಪಟ್ಟಿ ಬದಲಾಯಿಸಬೇಕಿತ್ತು. ಬಲಗಡೆಯ ಗುರುತು ಈಗ ಹುಡುಕಿದರೆ ಸಿಗುತ್ತದೆ. ಎಡಗಡೆಯದು ಬೆರಳಗಲ ಇದೆ, ತೊಟ್ಟಿನಲ್ಲಿ ಸ್ಪರ್ಶ ಇಲ್ಲ. ಬಟ್ಟೆ ತಾಗಿದರೂ ಬಿಸಿನೀರು ಬಿದ್ದರೂ ಅದಕ್ಕೆ ಗೊತ್ತಾಗುವುದಿಲ್ಲ.

ಹಾಗಾದರೆ ಪಶ್ಚಾತ್ತಾಪ ಇದೆಯೇ ಎಂದು ನೀನು ಕೇಳುತ್ತೀಯ. ಇಲ್ಲ. ಹಿಗ್ಗಿ ಕುಣಿಯುವಂಥದ್ದೂ ಏನಿಲ್ಲ. ಬೆನ್ನು ನೆಟ್ಟಗೆ ಮಾಡಿ ನಡೆಯುತ್ತೇನೆ. ಮೊದಲ ವರ್ಷ ಕನ್ನಡಿ ಕಂಡಲ್ಲೆಲ್ಲ ಪಕ್ಕಕ್ಕೆ ತಿರುಗಿ ನೋಡಿಕೊಳ್ಳುತ್ತಿದ್ದೆ, ಆಮೇಲೆ ಮರೆತೆ. ಮರೆಯುವುದೇ ನನಗೆ ಬೇಕಾಗಿತ್ತು ಎಂದು ಈಗ ಅನ್ನಿಸುತ್ತದೆ. ಏಳು ವರ್ಷದಲ್ಲಿ ಸ್ವಲ್ಪ ಇಳಿದಿದೆ. ಇಳಿಯಲಿ.

ಈಗ ನಿನ್ನ ವಿಷಯ. ಜೂನ್ ಆಗುವುದಿಲ್ಲ ಗುಬ್ಬಿ. ಹಾಲು ಬಿಡಿಸಿ ಆರು ತಿಂಗಳಾದರೂ ಕಳೆಯಬೇಕು, ಎದೆ ತನ್ನ ನಿಜವಾದ ಆಕಾರಕ್ಕೆ ಬರುವುದೇ ಆಗ. ಇಳಿದ ತೂಕವೂ ಅಲ್ಲೇ ನಿಲ್ಲುತ್ತದೋ ನೋಡಬೇಕು. ಪಾಪುವಿಗೆ ಒಂದು ಜೊತೆ ಬೇಕು ಎಂದು ಹೋದ ತಿಂಗಳು ನೀನೇ ಅಂದಿದ್ದೆ. ಆ ಯೋಚನೆ ಇದ್ದರೆ ಅದು ಮುಗಿದ ಮೇಲೆ ಮಾಡಿಸಿಕೊಳ್ಳುವುದು ಮೇಲು, ಇಲ್ಲದಿದ್ದರೆ ಇನ್ನೊಂದು ಬಸಿರು ಎಲ್ಲವನ್ನೂ ಮತ್ತೆ ಎಳೆದುಹಾಕುತ್ತದೆ. ಗಾಯ ಪೂರ್ತಿ ಮಾಯುವವರೆಗೆ ಕೊಳಕ್ಕೆ ಇಳಿಯುವಂತಿಲ್ಲ. ಎಲ್ಲಕ್ಕಿಂತ ಕಷ್ಟದ್ದೆಂದರೆ ವಾರಗಟ್ಟಲೆ ಪಾಪುವನ್ನು ಎತ್ತಿಕೊಳ್ಳುವಂತಿಲ್ಲ. ಅದು ಕೈಚಾಚಿ ಅಳುತ್ತದೆ, ನೀನು ಕೂತಲ್ಲೇ ಕೂತಿರಬೇಕು. ‘ನಿನ್ನಿಷ್ಟ’ ಎಂದವನು ಸ್ನಾನ ಮಾಡಿಸುವುದು, ಎತ್ತಿ ತೂಗುವುದು ಎಲ್ಲ ತಾನು ಮಾಡುತ್ತಾನೆಯೇ ಎಂದು ಈಗಲೇ ಬಾಯಿಬಿಟ್ಟು ಕೇಳು. ನಿನ್ನಿಷ್ಟ ಎನ್ನುವುದಕ್ಕೆ ಏನೂ ಖರ್ಚಿಲ್ಲ.

ಇಬ್ಬರು ಡಾಕ್ಟರನ್ನಾದರೂ ನೋಡು. ನಿನ್ನ ಕಿವಿಗೆ ಹಿತವಾಗದ್ದನ್ನೂ ಹೇಳುವವರ ಹತ್ತಿರ ಎರಡನೇ ಸಲ ಹೋಗು.

ಮಾಡಿಸಿಕೋ ಎಂದೂ ನಾನು ಹೇಳುವುದಿಲ್ಲ, ಬೇಡ ಎಂದೂ ಹೇಳುವುದಿಲ್ಲ. ಯಾವತ್ತು ಮಾಡಿಸಿಕೊಂಡರೂ ತಿಳಿಸು, ಬರುತ್ತೇನೆ. ಈ ಸಲ ರಜೆಗೆ ನಿಜವಾದ ಕಾರಣವನ್ನೇ ಬರೆಯುತ್ತೇನೆ.

ಪಾಪುವಿಗೆ ನನ್ನ ಮುತ್ತು. ಅಪ್ಪ ನಿನ್ನನ್ನು ಕೇಳಿದರು ಎಂದು ತಿಳಿಸಲು ಹೇಳಿದ್ದಾರೆ.

ಇಂತಿ,
ನಿನ್ನ ಅಮ್ಮ

ಇನ್ನೊಂದು ಮಾತು: ಪತ್ರವನ್ನು ಲಕೋಟೆಗೆ ಹಾಕಿದ್ದೆ, ಮತ್ತೆ ತೆಗೆದೆ. ಆ ವರ್ಷ ನೀನು ರಜೆಗೆ ಬರುತ್ತೇನೆ ಎಂದು ಫೋನ್ ಮಾಡಿದ್ದೆ. ಮನೆಗೆ ಬಣ್ಣ ಬಳಿಸುತ್ತಿದ್ದೇವೆ, ವಾಸನೆಗೆ ನಿನಗೆ ತಲೆನೋವು ಬರುತ್ತದೆ, ಅತ್ತೆಯ ಮನೆಗೆ ಹೋಗು ಎಂದು ನಾನು ಹೇಳಿದೆ. ಅದು ನನಗೆ ದಿನಾ ಪಟ್ಟಿ ಕಟ್ಟುತ್ತಿದ್ದ ಕಾಲ; ನಿನ್ನ ಕಣ್ಣಿಗೆ ಬೀಳಲು ನಾಚಿಕೆಯಾಗಿತ್ತು. ನಿನ್ನನ್ನು ಕಾಲೇಜಿನ ಈಜು ತಂಡದಿಂದ ತೆಗೆದುಹಾಕಿದ್ದರು, ಅದನ್ನು ಹೇಳಿಕೊಂಡು ಅಳಲು ನೀನು ಬರಬೇಕೆಂದಿದ್ದೆ ಎಂದು ಅತ್ತೆ ನನಗೆ ತಿಳಿಸಿದ್ದು ಎರಡು ವರ್ಷ ಕಳೆದ ಮೇಲೆ. ನಾಲ್ಕು ತಿಂಗಳಿಗೆ ಮನೆಗೆ ಬಂದಾಗ ನೀನು ಹಜಾರದ ಗೋಡೆ ಮುಟ್ಟಿ, ‘ಹಳೇ ಬಣ್ಣನೇ ಇದೆಯಲ್ಲಮ್ಮ’ ಎಂದೆ. ಅದೇ ಬಣ್ಣವನ್ನೇ ಮತ್ತೆ ಬಳಿಸಿದೆವು ಎಂದು ನಾನು ಹೇಳಿದೆ. ನೀನು ಹೈಸ್ಕೂಲಿನಲ್ಲಿ ವೇಳಾಪಟ್ಟಿ ಅಂಟಿಸಿದ್ದ ಟೇಪಿನ ತುಣುಕು ಅದೇ ಗೋಡೆಯ ಮೇಲೆ ಹಾಗೇ ಇತ್ತು. ನೀನು ಅದನ್ನು ನೋಡಿದೆ, ಆಮೇಲೆ ನನ್ನನ್ನು ನೋಡಿದೆ, ಚೀಲ ಎತ್ತಿಕೊಂಡು ಒಳಗೆ ಹೋದೆ. ಅವತ್ತಿನಿಂದ ನನ್ನ ಮಾತು ಏನು ಎಂದು ನೀನು ಕೇಳಿದ್ದು ನಿನ್ನ ಈ ಪತ್ರದಲ್ಲೇ ಮೊದಲು.