ಚೀಲದೊಳಗಿನ ಗಾಳಿ ನೋಡಿ ರೋಗವಿಲ್ಲ ಎಂದವರಿಗೆ

ಮಾನ್ಯರೇ,

ಗಾಳಿಯಲ್ಲಿ ಹಬ್ಬುವ ಬೆಳೆರೋಗವನ್ನು ಐದು ತಾಲ್ಲೂಕುಗಳ ರೈತರಿಗೆ ಮೊದಲೇ ತಿಳಿಸುವ ಘನಕಾರ್ಯ ಹೊತ್ತ ಮುಖ್ಯ ಅಧಿಕಾರಿ ತಾವು. ತಮ್ಮ ಯಂತ್ರಕ್ಕೆ ತಾವೇ ಪ್ಲಾಸ್ಟಿಕ್ ಚೀಲ ಕಟ್ಟಿಸಿ, ದಿನವೂ ನಮ್ಮ ಮೊಬೈಲಿಗೆ ‘ರೋಗದ ಸಾಧ್ಯತೆ ಇಲ್ಲ’ ಎಂದು ಸಂದೇಶ ಕಳಿಸಿದಿರಿ. ಅದನ್ನು ನಂಬಿ ನನ್ನ ಅಕ್ಕ ಅಂಜಿನಕ್ಕ ಬೀಜದ ಈರುಳ್ಳಿಯನ್ನು ಕಳೆದುಕೊಂಡಳು.

ತೆಲಿಗಿಯ ನಮ್ಮ ಬದುವಿನ ಮೇಲೆ ಆ ಯಂತ್ರ ನಿಲ್ಲಿಸಿದಾಗ ತಮ್ಮ ಸಿಬ್ಬಂದಿ ಹೇಳಿದ್ದರು: ಇದು ಗಾಳಿಯನ್ನು ಎಳೆದುಕೊಳ್ಳುತ್ತದೆ, ಗಾಳಿಯಲ್ಲಿ ತೇಲಿ ಬಂದ ರೋಗದ ಕಣ ಒಳಗಿನ ಅಂಟುಪಟ್ಟಿಗೆ ಹತ್ತುತ್ತದೆ, ಅದನ್ನು ನೋಡಿ ಕೇಂದ್ರ ಎಚ್ಚರಿಸುತ್ತದೆ. ನಮಗೆ ಖುಷಿಯಾಯಿತು. ಖುಷಿಯಾದರೆ ನಾವೇನು ಮಾಡುತ್ತೇವೆ? ಅಮಾವಾಸ್ಯೆಗೆ ಟ್ರ್ಯಾಕ್ಟರಿಗೆ ಮಾಡುವಂತೆ ಅದಕ್ಕೂ ಪೂಜೆ ಮಾಡಿದೆವು. ವಿಭೂತಿ ಬಳಿದು, ಕಾಯಿ ಒಡೆದು, ಯಂತ್ರದ ಬಾಯಿಗೇ ಲೋಬಾನದ ಹೊಗೆ ಹಿಡಿದೆವು. ಅಂಟುಪಟ್ಟಿಯ ತುಂಬ ಬೂದಿ! ಮರುದಿನ ಹಡಗಲಿಯಿಂದ ಕೂಡ್ಲಿಗಿಯವರೆಗೆ ಎಲ್ಲರ ಮೊಬೈಲಿನಲ್ಲೂ ಒಂದೇ ಬೊಬ್ಬೆ: ‘ತೀವ್ರ ರೋಗ, ತಕ್ಷಣ ಸಿಂಪಡಿಸಿ.’ ಬೂದಿ ಯಾವುದು, ರೋಗ ಯಾವುದು ಎಂದು ಗುರುತಿಸುವವರು ತಮ್ಮ ಕೇಂದ್ರದಲ್ಲಿ ಒಬ್ಬರೂ ಇರಲಿಲ್ಲವೇ?

ತಾವು ಜೀಪಿನಲ್ಲಿ ಧಾವಿಸಿ ಬಂದು ನಮ್ಮನ್ನು ಅನಾಗರಿಕರೆಂದಿರಿ. ಆಯಿತು, ಯಂತ್ರಕ್ಕೆ ಹೊಗೆ ಹಾಕಿದ್ದು ನಮ್ಮ ದಡ್ಡತನವೇ. ಆದರೆ ಇನ್ನೊಮ್ಮೆ ಹೊಗೆ ತಾಗಬಾರದೆಂದು, ಗಾಳಿ ಹಿಡಿಯುವ ಯಂತ್ರಕ್ಕೆ ಗಾಳಿಯೇ ತಾಗದಂತೆ ಚೀಲ ಬಿಗಿಸಿದ ಜಾಣತನಕ್ಕೆ ಏನೆನ್ನಬೇಕು? ಇದೇನು ಹೀಗೆ ಎಂದು ಕೇಳಿದ್ದಕ್ಕೆ, “ನಮ್ಮಲ್ಲಿ ಬೇರೆ ವ್ಯವಸ್ಥೆ ಇದೆ, ನಿಮಗದು ಅರ್ಥವಾಗುವುದಿಲ್ಲ” ಎಂದಿರಿ. ನಂಬಿದೆವು. ಚೀಲದೊಳಗೆ ರೋಗ ಬರಲಿಲ್ಲ, ನಿಜ. ತಮ್ಮ ಸಂದೇಶ ಅಲ್ಲಿಯ ಮಟ್ಟಿಗೆ ಸತ್ಯವೇ. ಬೇಕಾದರೆ ಪ್ರಶಸ್ತಿಗೆ ಅರ್ಜಿ ಹಾಕಿಕೊಳ್ಳಿ.

ಮೋಡ ಮುಚ್ಚಿ ಇಬ್ಬನಿ ಸುರಿದ ವಾರ ಅಕ್ಕನ ಈರುಳ್ಳಿ ಹೂ ಬಿಟ್ಟು ನಿಂತಿತ್ತು. ನಮ್ಮ ಅವ್ವ ವರ್ಷವರ್ಷವೂ ಗಡ್ಡೆ ಆರಿಸಿ ಉಳಿಸಿಕೊಂಡು ಬಂದ ತಳಿ ಅದು. ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಪಕ್ಕದ ಹೊಲದ ಜಂಬಣ್ಣ ಕೂಗಿ ಹೇಳಿದ: “ಯಕ್ಕಾ, ಹವಾ ಸರಿ ಇಲ್ಲ, ಔಷಧಿ ಹೊಡಿ.”

“ಹೂವಿನ ತುಂಬ ಜೇನು ಅದಾವಪ್ಪ. ಔಷಧಿ ಹೊಡದ್ರ ಅವು ಬರಂಗಿಲ್ಲ, ಬೀಜ ಕಟ್ಟಂಗಿಲ್ಲ. ಆಫೀಸಿನೋರು ರೋಗ ಇಲ್ಲಂತ ದಿನಾ ಹೇಳಾಕತ್ಯಾರ. ಓದಿದೋರು ಸುಳ್ಳು ಹೇಳ್ತಾರೇನು?” ಎಂದಳು ಅಕ್ಕ.

ನೇರಳೆ ಮಚ್ಚೆಯ ರೋಗ ಬಿತ್ತು. ಹೂವಿನ ದಂಟುಗಳು ನಡುವಿಗೇ ಮುರಿದು ಬಿದ್ದವು. ಇದ್ದ ಗಡ್ಡೆಯನ್ನೆಲ್ಲ ನೆಟ್ಟಾಗಿತ್ತು. ಒಂದು ಹಿಡಿ ಬೀಜವೂ ಕೈಗೆ ಬರಲಿಲ್ಲ. ಅವ್ವನ ತಳಿ ಅಲ್ಲಿಗೆ ಮುಗಿಯಿತು.

ಕೇಂದ್ರಕ್ಕೆ ಹೋಗಿ ಆ ‘ಬೇರೆ ವ್ಯವಸ್ಥೆ’ ತೋರಿಸಿ ಎಂದೆ. ತಮ್ಮ ಗುಮಾಸ್ತರು ತಲೆ ಎತ್ತದೆ, “ಅಂಥದ್ದೇನಿಲ್ರಿ. ದಿನಕ್ಕೊಂದು ಮೆಸೇಜ್ ಹೋಗಬೇಕಂತ ಸಾಹೇಬ್ರ ಆರ್ಡರ್ ಐತಿ, ಹೋಗೇತಿ” ಎಂದರು. ಇದಕ್ಕೆ ಕೇಂದ್ರ ಯಾಕೆ, ಕಚೇರಿ ಯಾಕೆ, ಜೀಪು ಯಾಕೆ?

ಇಂದೇ ಆ ಚೀಲ ಬಿಚ್ಚಿಸಿ. ಯಂತ್ರ ಮುಚ್ಚಿದ್ದ ಸಂಗತಿಯನ್ನು ಐದೂ ತಾಲ್ಲೂಕಿನವರಿಗೆ ಅದೇ ಮೊಬೈಲಿನಲ್ಲಿ ತಿಳಿಸಿ. ಇನ್ನು ಮುಂದೆ ಗೊತ್ತಿಲ್ಲದ ದಿನ ‘ಗೊತ್ತಿಲ್ಲ’ ಎಂದು ಕಳಿಸಿ. ಅದರಿಂದ ತಮ್ಮ ಘನತೆ ಕುಂದಿದರೆ ಕುಂದಲಿ. ಮೊನ್ನೆ ಒಣಗಿದ ದಂಟು ಕಿತ್ತು ಹಾಕುತ್ತ ಅಕ್ಕ ಅಂದಳು: “ಗೊತ್ತಿಲ್ಲ ಅಂದಿದ್ರ, ಜೇನು ಹೋದ್ರ ಹೋಗ್ಲಿ ಅಂತ ಔಷಧಿ ಹೊಡದು ಬಿಡ್ತಿದ್ನೆಪ್ಪ. ಅರ್ಧ ಬೀಜನಾರ ಉಳೀತಿತ್ತು.”

ಇಂತಿ,
ಓದು ಬಾರದ ಅಕ್ಕನಿಗೆ ಆ ಸಂದೇಶಗಳನ್ನು ದಿನವೂ ಓದಿ ಹೇಳಿದವನು,
ಗುರುಶಾಂತ, ತೆಲಿಗಿ