ನೋವಿಗೆ ಅಂಕ

ಮಾನ್ಯ ಅಧ್ಯಕ್ಷರೇ, ಸನ್ಮಾನ್ಯ ಸದಸ್ಯರೇ, ಕೊಟ್ಟಿಗೆಯಲ್ಲಿ ಮೆಲುಕು ಹಾಕುತ್ತಿರುವ ಮಹನೀಯರೇ, ಮತ್ತು ಅಕ್ಕಾ,

ಸಭೆಗಳಲ್ಲಿ ಮಾತಾಡುವ ಚಾಳಿ, ನಿನಗೆ ಬರೆಯುವಾಗಲೂ ಬಿಡದು. ಹಸುವಿನ ಮುಖ ನೋಡಿ ಅದರ ನೋವಿಗೆ ಅಂಕ ಕೊಡುವುದು ನನ್ನ ಕೆಲಸ. ನಮ್ಮ ಪಶುವೈದ್ಯ ಕಾಲೇಜಿನಲ್ಲಿ ಮೇವು ನೋಡುವವರು ಬೇರೆ, ನೋವು ನೋಡುವವನು ನಾನು. ಕಿವಿ ಹಿಂದಕ್ಕೆ ಬಿದ್ದಿದೆಯೇ, ಕಣ್ಣಿನ ಮೇಲೆ ಸುಕ್ಕು ಎದ್ದಿದೆಯೇ ಎಂದು ನೋಡಿ ನೋಡಿ, ಈಗ ಕನ್ನಡಿಯಲ್ಲಿ ನನ್ನ ಮುಖಕ್ಕೂ ಅಂಕ ಬೀಳುತ್ತದೆ. ಅದನ್ನು ಯಾರಿಗೂ ಹೇಳುವುದಿಲ್ಲ.

ಅಮ್ಮನ ಮಾತು ನಿಂತ ಮೇಲೆ ನೀನು ಫೋನಿನಲ್ಲಿ ಕೇಳಿದೆ: “ದನದ ನೋವು ಗೊತ್ತಾಗೋ ನಿಂಗೆ ಅಮ್ಮಂದು ಗೊತ್ತಾಗಲ್ವೇನೋ? ನೋವಿನ ಇಂಜೆಕ್ಷನ್ ಕೊಟ್ರೆ ಮಂಪರು ಬಂದು ಕಣ್ಣು ಬಿಟ್ಟು ನೋಡೋದೂ ನಿಲ್ಲಬಹುದಂತೆ. ಕೊಡ್ಸೋದಾ ಬೇಡ್ವಾ, ನೀನೇ ಹೇಳು.”

ನ್ಯಾಯವಾದ ಪ್ರಶ್ನೆ. ಅನುಮಾನವಿದ್ದರೆ ನೋವಿದೆ ಎಂದೇ ತಿಳಿದು ಔಷಧಿ ಕೊಡಬೇಕು ಎಂಬ ನಿಯಮವನ್ನು ಹಸುಗಳಿಗಾಗಿ ಬರೆದವನು ನಾನೇ. ಡಾಕ್ಟರಿಗೆ ಇದನ್ನು ಓದಿ ಹೇಳಿ ಇವತ್ತೇ ಕೊಡಿಸು. ತುಟಿ ಒಣಗದ ಹಾಗೆ ಒದ್ದೆ ಬಟ್ಟೆ ಒತ್ತುತ್ತಿರು. ನೀನೂ ಸ್ವಲ್ಪ ಮಲಗು.

ಅಮ್ಮನ ಅಂಕ ಎಷ್ಟು ಅಂತ ಮಾತ್ರ ಕೇಳಬೇಡ, ಅಕ್ಕಾ. ನೀನು ಕಳಿಸಿದ ವಿಡಿಯೋ ನಾನು ನೋಡಿಲ್ಲ. ಅವಳ ಹಣೆ ಕಾಣುತ್ತಲೇ ಫೋನು ಮಗುಚಿ ಇಟ್ಟುಬಿಟ್ಟೆ.

ನಿನ್ನ ತಮ್ಮ